ಹೂವಿನ ಬೆನ್ನನ್ನೂ ಒಮ್ಮೆ ನೋಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಓದುಗರು ತೆಗೆದ ಕಾಡುಹೂಗಳ ಚಿತ್ರಗಳಿಗೆ ನೀವು ಅರ್ಧ ಪುಟ ಬಿಟ್ಟುಕೊಟ್ಟದ್ದನ್ನು ಕಂಡು ಸಂತೋಷವಾಯಿತು. ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುವ ಗಿಡಗಳಿಗೆ ದಿನಪತ್ರಿಕೆಯಲ್ಲಿ ಜಾಗ ಸಿಗುವುದು ಅಪರೂಪ. ಆ ಅರ್ಧ ಪುಟ ಪ್ರತಿ ವಾರವೂ ಬರಲಿ ಎಂಬ ಆಸೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಆದರೆ ಅಲ್ಲಿನ ಮೂರನೆಯ ಚಿತ್ರದ ಕೆಳಗಿದ್ದ ಎರಡು ಸಾಲುಗಳನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನೀಲಿ ಕುಚ್ಚುಗಳಂಥ ಹೂಗೊಂಚಲಿನ ಚಿತ್ರ ಅದು. ಕೆಳಗೆ ಮೊದಲ ಸಾಲಿನಲ್ಲಿ ‘ಅಜೆರೇಟಮ್ ಕೊನಿಜಾಯ್ಡಿಸ್’ ಎಂಬ ಹೆಸರು. ಎರಡನೆಯ ಸಾಲಿನಲ್ಲಿ, ‘ಹೂವಿನ ನೀಲಿ ಬಣ್ಣದಿಂದಲೇ ಇದನ್ನು ಸುಲಭವಾಗಿ ಗುರುತಿಸಬಹುದು’ ಎಂಬ ಮಾತು. ಹೆಸರು ತಪ್ಪಿದೆ ಎಂದೇ ನನ್ನ ಅನಿಸಿಕೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯ ಸಾಲು. ಒಂದು ಹೆಸರು ತಪ್ಪಿದರೆ ಒಂದು ಗಿಡದ ಗುರುತು ತಪ್ಪುತ್ತದೆ. ಗುರುತಿಸುವ ದಾರಿಯನ್ನೇ ತಪ್ಪಾಗಿ ಹೇಳಿಕೊಟ್ಟರೆ, ಅದನ್ನು ನಂಬಿದ ಓದುಗ ಮುಂದೆ ನೋಡುವ ನೂರು ಗಿಡಗಳ ಗುರುತು ತಪ್ಪುತ್ತದೆ.

ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಸಸ್ಯಶಾಸ್ತ್ರಜ್ಞರಿಗೆ ಚಿತ್ರ ಬರೆದುಕೊಡುವವಳು. ಇಪ್ಪತ್ತಾರು ವರ್ಷಗಳಿಂದ ಇದೇ ನನ್ನ ಕೆಲಸ. ಒಣಗಿಸಿ ಹಾಳೆಗೆ ಅಂಟಿಸಿದ ಗಿಡವನ್ನೋ ನೀರಿನ ಲೋಟದಲ್ಲಿಟ್ಟ ಹಸಿ ರೆಂಬೆಯನ್ನೋ ಮುಂದಿಟ್ಟುಕೊಂಡು, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡುತ್ತ, ಕಪ್ಪು ಶಾಯಿಯಲ್ಲಿ ಗೆರೆ ಎಳೆಯುತ್ತೇನೆ. ಬಣ್ಣ ಹಚ್ಚುವುದು ತೀರಾ ಕಡಿಮೆ. ಗಿಡಗಳನ್ನು ಬೇರೆ ಬೇರೆ ಎಂದು ತೋರಿಸಲು ಬರೆಯುವ ಚಿತ್ರಗಳಲ್ಲಿ ಹೆಚ್ಚಿನವು ಇಂದಿಗೂ ಕಪ್ಪು ಬಿಳುಪಿನಲ್ಲೇ ಇರುವುದಕ್ಕೆ ಕಾರಣವಿದೆ. ಹತ್ತಿರದ ನಂಟಿರುವ ಎರಡು ಪ್ರಭೇದಗಳ ನಡುವಿನ ವ್ಯತ್ಯಾಸ ಬಣ್ಣದಲ್ಲಿ ಇರುವುದಕ್ಕಿಂತ ಆಕಾರದಲ್ಲಿ, ಅಂಚಿನಲ್ಲಿ, ರೋಮದಲ್ಲಿ, ತೊಟ್ಟಿನಲ್ಲಿ, ಬೀಜದ ಮೈಮೇಲಿನ ಗೆರೆಯಲ್ಲಿ ಇರುವುದೇ ಹೆಚ್ಚು.

ಆ ನೀಲಿ ಕುಚ್ಚಿನ ವಿಷಯಕ್ಕೇ ಬರುತ್ತೇನೆ. ಅಜೆರೇಟಮ್ ಕುಲದಲ್ಲಿ, ಅಂದರೆ ಹತ್ತಿರದ ನಂಟಿರುವ ಪ್ರಭೇದಗಳ ಆ ಗುಂಪಿನಲ್ಲಿ, ರಸ್ತೆಬದಿಯಲ್ಲೂ ಹೊಲದ ಬದುವಿನಲ್ಲೂ ಕಾಣುವ ಎರಡು ಪ್ರಭೇದಗಳಿವೆ. ಒಂದು ಕೊನಿಜಾಯ್ಡಿಸ್, 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಹೆಸರಿಟ್ಟದ್ದು. ಇನ್ನೊಂದು ಹೂಸ್ಟೋನಿಯಾನಮ್, 1768ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಫಿಲಿಪ್ ಮಿಲ್ಲರ್ ಹೆಸರಿಟ್ಟದ್ದು. ಎರಡರ ಮೂಲವೂ ಅಮೆರಿಕ ಖಂಡದ ಬೆಚ್ಚನೆಯ ಭಾಗಗಳು. ಈಗ ಎರಡೂ ಲೋಕದ ಹಲವು ಕಡೆ ಕಳೆಯಾಗಿ ಹಬ್ಬಿವೆ. ಎರಡನೆಯದನ್ನು ಅಲಂಕಾರಕ್ಕೆಂದು ತೋಟಗಳಲ್ಲಿ ಬೆಳೆಸುವುದೂ ಉಂಟು. ಅಲ್ಲಿಂದ ಅದು ಬೇಲಿ ದಾಟಿ ಹೊರಬರುತ್ತದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ. ಎದುರುಬದುರು ಎಲೆಗಳು, ಮುಟ್ಟಿದರೆ ಕೈಗೆ ಹತ್ತುವ ಕಟುವಾಸನೆ, ತುದಿಯಲ್ಲಿ ಕುಚ್ಚುಕುಚ್ಚಾದ ಹೂ. ನಾವು ಒಂದು ಹೂವೆಂದುಕೊಳ್ಳುವ ಪ್ರತಿಯೊಂದು ಕುಚ್ಚಿನಲ್ಲೂ ಹತ್ತಾರು ಸಣ್ಣ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಹೊರಗೆ ದಾರದ ಹಾಗೆ ಚಾಚಿಕೊಂಡಿರುವುದು ಆ ಸಣ್ಣ ಹೂಗಳ ಶಲಾಕೆಯ, ಅಂದರೆ ಅಂಡಾಶಯದಿಂದ ಮೇಲೇರುವ ಎಳೆಯ, ಕವಲುಗಳು.

ಬಣ್ಣ ಇಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ. ಕೊನಿಜಾಯ್ಡಿಸ್ ಬಿಳಿಯಾಗಿಯೂ ಅರಳುತ್ತದೆ, ತಿಳಿನೇರಳೆಯಾಗಿಯೂ ಅರಳುತ್ತದೆ. ಹೂಸ್ಟೋನಿಯಾನಮ್ ಸಾಮಾನ್ಯವಾಗಿ ನೀಲಿ, ಆದರೆ ಅದರಲ್ಲೂ ಬಿಳಿ ಮತ್ತು ಗುಲಾಬಿ ಬಣ್ಣದವು ಇವೆ. ತೀರ್ಮಾನವಾಗುವುದು ಕುಚ್ಚನ್ನು ಬೆರಳಿನಿಂದ ಮೆಲ್ಲನೆ ವಾಲಿಸಿ ಅದರ ಬೆನ್ನು ನೋಡಿದಾಗ. ಅಲ್ಲಿ ಹಸಿರು ಬಣ್ಣದ ಕಿರಿದಾದ ಎಲೆಯಂಥ ಪಟ್ಟಿಗಳು ಬಟ್ಟಲಿನಂತೆ ಜೋಡಿಸಿಕೊಂಡು ಕುಚ್ಚನ್ನು ಹಿಡಿದುಕೊಂಡಿರುತ್ತವೆ. ಕೊನಿಜಾಯ್ಡಿಸ್‌ನಲ್ಲಿ ಆ ಪಟ್ಟಿಗಳ ಮೈ ಹೆಚ್ಚುಕಡಿಮೆ ಬೋಳು, ಅಲ್ಲೊಂದು ಇಲ್ಲೊಂದು ರೋಮ. ತುದಿಯವರೆಗೂ ಒಂದೇ ಅಗಲವಾಗಿ ಬಂದು, ಅಲ್ಲಿ ತಟಕ್ಕನೆ ಕಿರಿದಾಗಿ ಮೊನೆಯಾಗುತ್ತವೆ. ಹೂಸ್ಟೋನಿಯಾನಮ್‌ನಲ್ಲಿ ಪಟ್ಟಿಗಳು ಬುಡದಿಂದಲೇ ಸಪೂರವಾಗುತ್ತ ಹೋಗಿ ಉದ್ದನೆಯ ಸೂಜಿಮೊನೆಯಲ್ಲಿ ಮುಗಿಯುತ್ತವೆ, ಮೈತುಂಬ ರೋಮ ಇರುತ್ತದೆ. ಮಸೂರದಲ್ಲಿ ನೋಡಿದರೆ ಆ ರೋಮಗಳಲ್ಲಿ ಕೆಲವುಗಳ ತುದಿಯಲ್ಲಿ ಗುಂಡುಸೂಜಿಯ ತಲೆಯಂತೆ ಪುಟ್ಟ ಗುಂಡು, ಅದು ಅಂಟುಗ್ರಂಥಿ. ಒಮ್ಮೆ ಇದನ್ನು ಕಂಡವರಿಗೆ ಮರೆಯುವುದಿಲ್ಲ. ಇದರ ಜೊತೆಗೆ ಎಲೆಯ ಬುಡವನ್ನೂ ನೋಡಬೇಕು. ಹೂಸ್ಟೋನಿಯಾನಮ್‌ನ ಎಲೆ ತೊಟ್ಟನ್ನು ಸೇರುವಲ್ಲಿ ಹೃದಯದಾಕಾರಕ್ಕೆ ಒಳಬಾಗುತ್ತದೆ ಅಥವಾ ನೇರವಾಗಿ ಕತ್ತರಿಸಿದಂತಿರುತ್ತದೆ. ಇನ್ನೊಂದರಲ್ಲಿ ಅದು ತೊಟ್ಟಿನ ಕಡೆಗೆ ಇಳಿಜಾರಾಗಿಯೋ ಗುಂಡಗೋ ಮುಗಿಯುವುದೇ ಹೆಚ್ಚು.

ನಿಮ್ಮ ಪುಟದ ಚಿತ್ರವನ್ನು ಎದುರಿನಿಂದ ತೆಗೆಯಲಾಗಿದೆ. ಹೂಗಳೆಲ್ಲ ನಮ್ಮ ಕಡೆಗೆ ಮುಖ ಮಾಡಿವೆ. ಕೆಳಗಿನ ಎಡಮೂಲೆಯಲ್ಲಿ ಒಂದೇ ಒಂದು ಕುಚ್ಚು ಪಕ್ಕಕ್ಕೆ ವಾಲಿದೆ. ಇ-ಪತ್ರಿಕೆಯಲ್ಲಿ ಅಷ್ಟು ಭಾಗವನ್ನು ಹಿಗ್ಗಿಸಿ ನೋಡಿದೆ. ಪಟ್ಟಿಗಳ ತುದಿ ಉದ್ದಕ್ಕೆ ಎಳೆದಂತಿದೆ, ಅಂಚಿನಲ್ಲಿ ಬೆಳಕಿಗೆ ರೋಮ ಮಿನುಗುತ್ತಿದೆ. ಆದ್ದರಿಂದ ಅದು ಹೂಸ್ಟೋನಿಯಾನಮ್ ಎಂದು ಊಹಿಸುತ್ತೇನೆ. ಊಹೆ ಎಂದೇ ಹೇಳುತ್ತೇನೆ, ಏಕೆಂದರೆ ಎಲೆಯ ಬುಡ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಚಿತ್ರ ತೆಗೆದವರು ಅರ್ಧ ನಿಮಿಷ ಹೆಚ್ಚಿಗೆ ಬಗ್ಗಿದ್ದರೆ ಇದು ಊಹೆಯಾಗಿ ಉಳಿಯುತ್ತಿರಲಿಲ್ಲ.

ಬಣ್ಣವನ್ನು ನಂಬಬಾರದು ಎನ್ನಲು ಇದೇ ಗಿಡ ಇನ್ನೊಂದು ಸಾಕ್ಷಿ ಒದಗಿಸುತ್ತದೆ. ಫಿಲ್ಮ್ ಸುರುಳಿಯ ಕಾಲದಲ್ಲಿ ಕಣ್ಣಿಗೆ ನೀಲಿಯಾಗಿ ಕಂಡ ಅಜೆರೇಟಮ್ ಹೂ ಅಚ್ಚಿನಲ್ಲಿ ನಸುಗೆಂಪಾಗಿ ಬರುತ್ತಿತ್ತು. ನಮ್ಮ ಕಣ್ಣಿಗೆ ಸರಿಯಾಗಿ ಕಾಣದ, ಕೆಂಪಿನ ಆಚೆ ತುದಿಯ ಬೆಳಕನ್ನು ಈ ಹೂ ಬಹಳವಾಗಿ ಪ್ರತಿಫಲಿಸುತ್ತದೆ. ಫಿಲ್ಮು ಆ ಬೆಳಕನ್ನೂ ಹಿಡಿಯುತ್ತಿತ್ತು. ಛಾಯಾಗ್ರಹಣದವರು ಈ ತೊಡಕಿಗೆ ‘ಅಜೆರೇಟಮ್ ಪರಿಣಾಮ’ ಎಂದೇ ಹೆಸರಿಟ್ಟಿದ್ದರು. ಇಂದಿನ ಮೊಬೈಲ್ ಕ್ಯಾಮೆರಾಗಳಲ್ಲಿ ಆ ತೊಂದರೆ ಬಹುಮಟ್ಟಿಗೆ ಇಲ್ಲ. ಆದರೆ ಅವು ನೆರಳಿಗೆ ಒಂದು ಬಗೆ, ಬಿಸಿಲಿಗೆ ಒಂದು ಬಗೆ ಎಂದು ಬಣ್ಣವನ್ನು ತಾವೇ ತಿದ್ದಿಬಿಡುತ್ತವೆ. ನೀಲಿ ಮತ್ತು ನೇರಳೆಯ ನಡುವಿನ ವ್ಯತ್ಯಾಸ ಆ ತಿದ್ದುಪಡಿಯಲ್ಲೇ ಕರಗಿಹೋಗುತ್ತದೆ.

ಬೆನ್ನು ನೋಡುವ ಪಾಠ ನನಗೆ ಸಿಕ್ಕಿದ್ದು ಕನ್ನೆ ಸೊಪ್ಪಿನ ಗಿಡದಿಂದ. ಈ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಕನ್ನೆಯ ಕುಲವಾದ ಕಮೆಲಿನಾದ ಎರಡು ಪ್ರಭೇದಗಳನ್ನು ಅಕ್ಕಪಕ್ಕ ಬರೆದುಕೊಡಬೇಕಿತ್ತು: ಬೆಂಘಾಲೆನ್ಸಿಸ್ ಮತ್ತು ಡಿಫ್ಯೂಸಾ. ಅರಳಿದ ನೀಲಿ ಹೂವನ್ನು ಎಸಳೆಸಳಾಗಿ, ಕೇಸರದ ಒಂದೊಂದು ಬಾಗನ್ನೂ ಬಿಡದೆ ಬರೆದೆ. ಕನ್ನೆಯ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ನೀರಾಗಿ ಮುದುಡುತ್ತದೆ, ಹಾಗಾಗಿ ಹೂವಿನ ಮೇಲೆಯೇ ಪೂರ್ತಿ ಗಮನ. ಸಂಜೆ ಚಿತ್ರ ನೋಡಿದ ಹಿರಿಯ ಸಸ್ಯಶಾಸ್ತ್ರಜ್ಞೆ ಹೂವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೂ ಹೊರಬರುವ ಹಸಿರು ಹೊದಿಕೆಯ ಮೇಲೆ ಪೆನ್ಸಿಲ್ ತುದಿ ಇಟ್ಟು, ‘ಇದರ ಅಂಚುಗಳು ಹಿಂದೆ ಕೂಡಿಕೊಂಡಿವೆಯೋ, ಬಿಡಿಯಾಗಿವೆಯೋ?’ ಎಂದು ಕೇಳಿದರು. ನಾನು ನೋಡಿರಲಿಲ್ಲ. ಎರಡನ್ನೂ ಒಂದೇ ಥರ ಬರೆದಿದ್ದೆ. ಅಷ್ಟು ಹೊತ್ತಿಗೆ ಲೋಟದಲ್ಲಿದ್ದ ರೆಂಬೆಗಳು ಬಾಡಿದ್ದವು.

ಮರುದಿನ ಬೆಳಿಗ್ಗೆ ಹೊಸ ರೆಂಬೆ ತಂದು, ಹೊಲಿಗೆ ಸೂಜಿಯ ಮೊಂಡುತುದಿಯನ್ನು ಆ ಹೊದಿಕೆಯೊಳಗೆ ಹಾಯಿಸಿ ನೋಡಿದೆ. ಡಿಫ್ಯೂಸಾದ ಹೊದಿಕೆ ನಡುವೆ ಮಡಿಸಿದ ಎಲೆ ಅಷ್ಟೆ. ಸೂಜಿ ಒಂದು ಅಂಚಿನಿಂದ ಹೊಕ್ಕು ತಡೆಯಿಲ್ಲದೆ ಬುಡದವರೆಗೂ ಸರಿಯಿತು, ಅರ್ಧ ತೆರೆದ ಪುಸ್ತಕದ ನಡುವೆ ಬೆರಳು ಆಡಿಸಿದ ಹಾಗೆ. ಬೆಂಘಾಲೆನ್ಸಿಸ್‌ನಲ್ಲಿ ಸೂಜಿ ಸ್ವಲ್ಪ ದೂರ ಹೋಗಿ ನಿಂತಿತು. ಅಲ್ಲಿ ಎರಡು ಅಂಚುಗಳೂ ಬುಡದ ಕಡೆ ಬೆಸೆದುಕೊಂಡು ಕಾಗದದ ಪೊಟ್ಟಣದ ಹಾಗಾಗಿವೆ. ಆ ಒಂದು ತಡೆಯನ್ನು ಬೆರಳಿನಲ್ಲಿ ಅನುಭವಿಸಿದ ಮೇಲೆ ಎರಡು ಗಿಡಗಳೂ ನನಗೆ ಬೇರೆಬೇರೆಯಾದವು. ಆಮೇಲೆ ಉಳಿದ ಗುರುತುಗಳು ಒಂದರ ಹಿಂದೆ ಒಂದು ಕಣ್ಣಿಗೆ ಬಿದ್ದವು. ಪೊಟ್ಟಣದ ಗಿಡಕ್ಕೆ ಅಗಲವಾದ, ಸಣ್ಣ ತೊಟ್ಟಿರುವ ಎಲೆ. ಎಲೆಯ ಬುಡ ಕಾಂಡವನ್ನು ಸುತ್ತಿಕೊಳ್ಳುವ ಜಾಗದ ಬಾಯಲ್ಲಿ ಇಟ್ಟಿಗೆಬಣ್ಣದ ಉದ್ದ ರೋಮಗಳು. ಇನ್ನೊಂದಕ್ಕೆ ಭರ್ಜಿಯಂಥ ಕಿರಿದಾದ, ತೊಟ್ಟಿಲ್ಲದ ಎಲೆ. ಮಣ್ಣು ಕೆದಕಿದರೆ ಬೆಂಘಾಲೆನ್ಸಿಸ್‌ನಲ್ಲಿ ಇನ್ನೊಂದು ಸೋಜಿಗ: ಅದು ನೆಲದೊಳಗೂ ಹೂ ಬಿಡುತ್ತದೆ. ಬಿಳುಪಾದ ಆ ಹೂಗಳು ಅರಳುವುದೇ ಇಲ್ಲ, ಮುಚ್ಚಿಕೊಂಡೇ ತಮ್ಮಲ್ಲೇ ಪರಾಗಸ್ಪರ್ಶ ಮುಗಿಸಿ ಬೀಜ ಕಟ್ಟುತ್ತವೆ. ಇದನ್ನು ಮೊದಲ ಸಲ ಕಂಡ ದಿನ ನಾನು ಆ ಸಸ್ಯಶಾಸ್ತ್ರಜ್ಞೆಯ ಕೋಣೆಗೆ ಮಣ್ಣುಕೈಯಲ್ಲೇ ಓಡಿದ್ದೆ.

ತುಂಬೆಯ ಮಾತೂ ಹೀಗೆಯೇ. ತುಂಬೆಯ ಕುಲವಾದ ಲ್ಯೂಕಸ್‌ನ ಹೂಗಳನ್ನು ಎದುರಿನಿಂದ ನೋಡಿದರೆ ಒಂದೇ ತಾಯಿಯ ಮಕ್ಕಳು. ಬಿಳಿ ಬಣ್ಣ, ಮೇಲೆ ರೋಮ ತುಂಬಿದ ಟೊಪ್ಪಿಗೆ, ಕೆಳಗೆ ಮೂರು ಹಾಳೆಯಾಗಿ ಹರಡಿದ ತುಟಿ. ಬಿಳಿ ಹೂ ಉದುರಿದ ಮೇಲೆ ಉಳಿಯುವ ಹಸಿರು ಪುಷ್ಪಪಾತ್ರೆಯನ್ನು ನೋಡಬೇಕು. ಅದರ ಬಾಯಿ ಓರೆಯಾಗಿದೆಯೋ ನೇರವಾಗಿದೆಯೋ, ಅಂಚಿನ ಹಲ್ಲುಗಳು ಸಮವಾಗಿವೆಯೋ ಏರುಪೇರಾಗಿವೆಯೋ ಎಂಬುದರ ಮೇಲೆ ಪ್ರಭೇದಗಳು ಕವಲೊಡೆಯುತ್ತವೆ. ನಮ್ಮ ಸಾಮಾನ್ಯ ತುಂಬೆಯ ಪಾತ್ರೆ ಬಾಗಿದ ಕೊಳವೆ, ಬಾಯಿ ಓರೆ, ಮೇಲಿನ ಹಲ್ಲು ಉದ್ದ. ಹೂ ಬಾಡಿದ ಗಿಡವನ್ನು ಚಿತ್ರ ತೆಗೆಯಲು ಯೋಗ್ಯವಲ್ಲ ಎಂದು ಬಿಟ್ಟುಹೋಗುವವರಿಗೆ ನಾನು ಹೇಳುವುದಿಷ್ಟೆ: ನನ್ನ ಮಟ್ಟಿಗೆ ಕೆಲಸ ಶುರುವಾಗುವುದೇ ಆಗ.

ಉಮ್ಮತ್ತದಲ್ಲಂತೂ ಕಾಯಿ ಸಿಕ್ಕರೆ ಹೂವನ್ನು ಬಿಟ್ಟರೂ ನಡೆದೀತು. ಡಟೂರಾ ಸ್ಟ್ರಮೋನಿಯಮ್‌ನ ಮುಳ್ಳುಕಾಯಿ ನೆಟ್ಟಗೆ ಮೇಲಕ್ಕೆ ನಿಂತು, ಬಲಿತಾಗ ನಾಲ್ಕು ಹೋಳಾಗಿ ಅಚ್ಚುಕಟ್ಟಾಗಿ ಬಿರಿಯುತ್ತದೆ. ಮೀಟೆಲ್ ಮತ್ತು ಇನಾಕ್ಸಿಯಾ ಪ್ರಭೇದಗಳ ಕಾಯಿ ತಲೆ ಕೆಳಗೆ ಹಾಕಿ ಜೋತು, ಹೇಗೆಂದರೆ ಹಾಗೆ ಒಡೆಯುತ್ತದೆ. ಈ ಎರಡರಲ್ಲಿ ಮೀಟೆಲ್‌ನ ಕಾಯಿಯ ಮೇಲೆ ಮೊಂಡಾದ ಗಿಡ್ಡ ಮುಳ್ಳು, ಇನಾಕ್ಸಿಯಾದ್ದರ ಮೇಲೆ ಉದ್ದನೆಯ ಸಪೂರ ಮುಳ್ಳು. ಮೂರೂ ವಿಷವೇ, ಯಾವುದನ್ನೂ ಬಾಯಿಗೆ ಹಾಕಬಾರದು.

ಜನಬಳಕೆಯ ಹೆಸರುಗಳ ಮೇಲೆ ನನಗೆ ತುಂಬ ಪ್ರೀತಿ. ಆದರೆ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುವ ಹೊರೆಯನ್ನು ಅವುಗಳ ಮೇಲೆ ಹೇರಬಾರದು. ಹಳದಿ ಹೂವಿನ ಮುಳ್ಳುಗಿಡ ಆರ್ಜಿಮೋನ್ ಅನ್ನು ಕೆಲವರು ಅರಿಶಿನ ಉಮ್ಮತ್ತ ಎನ್ನುತ್ತಾರೆ. ಅದು ಉಮ್ಮತ್ತದ ಕುಟುಂಬದ್ದೇ ಅಲ್ಲ, ಗಸಗಸೆಯ ಕುಟುಂಬದ್ದು. ಇನ್ನು ನೆಲನೆಲ್ಲಿ. ಈ ಒಂದೇ ಹೆಸರಿನ ಕೆಳಗೆ ಫಿಲ್ಯಾಂಥಸ್ ಕುಲದ ಹಲವು ಗಿಡಗಳನ್ನು ಕೀಳುತ್ತಾರೆ, ಮದ್ದಿಗೆಂದು ಒಣಗಿಸುತ್ತಾರೆ. ಅವುಗಳಲ್ಲಿ ಅಮಾರಸ್ ಮತ್ತು ಯೂರಿನೇರಿಯಾ ಎರಡರಲ್ಲೂ ರೆಂಬೆಯ ಅಡಿಯಲ್ಲಿ ಸಾಲಾಗಿ ಪುಟ್ಟ ಕಾಯಿಗಳಿರುತ್ತವೆ. ರೆಂಬೆಯನ್ನು ಮಗುಚಿದರೆ ವ್ಯತ್ಯಾಸ ತಿಳಿಯುತ್ತದೆ: ಅಮಾರಸ್‌ನ ಕಾಯಿ ನಯವಾಗಿದ್ದು ಕಿರುತೊಟ್ಟಿನ ಮೇಲೆ ನಿಂತಿರುತ್ತದೆ, ಯೂರಿನೇರಿಯಾದ ಕಾಯಿ ತರಿತರಿಯಾಗಿದ್ದು ರೆಂಬೆಗೇ ಅಂಟಿದಂತಿರುತ್ತದೆ. ಬೀಜ ಬಿಡಿಸಿ ಮಸೂರ ಹಿಡಿದರೆ ಮೊದಲನೆಯದರಲ್ಲಿ ಉದ್ದುದ್ದ ಗೆರೆ, ಎರಡನೆಯದರಲ್ಲಿ ಅಡ್ಡಡ್ಡ ಗೆರೆ. ಪುಸ್ತಕಗಳಲ್ಲೂ ಬಹುಕಾಲ ನಮ್ಮ ನೆಲನೆಲ್ಲಿಗೆ ಫಿಲ್ಯಾಂಥಸ್ ನಿರೂರಿ ಎಂಬ ಹೆಸರನ್ನೇ ಬರೆಯುತ್ತ ಬಂದರು. ಆ ಹೆಸರು ನಿಜವಾಗಿ ಸೇರಬೇಕಾದ್ದು ಅಮೆರಿಕದ ಬೇರೊಂದು ಗಿಡಕ್ಕೆ. ಮದ್ದಿನ ವಿಷಯದಲ್ಲಿ ಇಂಥ ಗೊಂದಲ ಬರೀ ಪಂಡಿತರ ವಾದವಾಗಿ ಉಳಿಯುವುದಿಲ್ಲ. ಒಂದು ಗಿಡದ ಮೇಲೆ ನಡೆದ ಪರೀಕ್ಷೆಯನ್ನು ನಂಬಿ ಇನ್ನೊಂದು ಗಿಡವನ್ನು ಕುಡಿಯುವಂತಾಗುತ್ತದೆ.

ತಣ್ಣನೆಯ ನಾಡುಗಳ ಹಳದಿ ಬಟರ್‌ಕಪ್‌ಗಳನ್ನು ಒಣಹಾಳೆಗಳಿಂದ ನೋಡಿ ಬರೆಯುವ ಅವಕಾಶ ಒಮ್ಮೆ ಸಿಕ್ಕಿತ್ತು. ಅಲ್ಲಿಯೂ ಅದೇ ಕಥೆ. ಹೊಳೆಯುವ ಐದು ಹಳದಿ ಎಸಳು ಮೂರು ಪ್ರಭೇದಗಳಲ್ಲೂ ಒಂದೇ. ಎಸಳಿನ ಕೆಳಗಿನ ಹಸಿರು ಪುಷ್ಪಪತ್ರಗಳು ತೊಟ್ಟಿನ ಕಡೆಗೆ ಮಡಿಚಿಕೊಂಡಿದ್ದರೆ ರನಂಕ್ಯುಲಸ್ ಬಲ್ಬೋಸಸ್. ಮಡಿಚಿಕೊಳ್ಳದೆ ಹರಡಿದ್ದು, ಹೂವಿನ ತೊಟ್ಟಿನ ಮೇಲೆ ಉದ್ದಕ್ಕೆ ಗೀರುಗಳಿದ್ದರೆ ರೆಪೆನ್ಸ್. ತೊಟ್ಟು ದುಂಡಗೆ ನುಣುಪಾಗಿದ್ದರೆ ಏಕ್ರಿಸ್.

ಇಷ್ಟೆಲ್ಲ ನೋಡಿದ ಮೇಲೂ ಕೆಲವೊಮ್ಮೆ ಹೆಸರು ಸಿಗುವುದಿಲ್ಲ. ನೆರಳಿನಲ್ಲಿ ಬೆಳೆದ ಗಿಡದ ಎಲೆ ಅಗಲವಾಗುತ್ತದೆ, ಬಿಸಿಲಿನದ್ದು ಕಿರಿದಾಗುತ್ತದೆ. ಒಣನೆಲದ ಅಜೆರೇಟಮ್ ಗೇಣುದ್ದಕ್ಕೇ ಹೂ ಬಿಟ್ಟರೆ, ಗೊಬ್ಬರದ ನೆಲದ್ದು ಸೊಂಟದವರೆಗೆ ಬೆಳೆಯುತ್ತದೆ. ಆದ್ದರಿಂದ ಒಂದು ಗಿಡ ನೋಡಿ ತೀರ್ಮಾನಿಸದೆ, ಸುತ್ತಲಿನ ಐದಾರು ಗಿಡಗಳನ್ನಾದರೂ ನೋಡುವುದು ಒಳ್ಳೆಯದು. ಹತ್ತಿರದ ಪ್ರಭೇದಗಳು ಅಕ್ಕಪಕ್ಕ ಬೆಳೆದು ಬೆರಕೆಯಾಗುವುದೂ ಉಂಟು. ಹಳದಿ ಹೂವಿನ ಕಳೆಗಿಡ ಡ್ಯಾಂಡಿಲಿಯನ್‌ನಂಥ ಗುಂಪುಗಳಲ್ಲಿ ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟಿ, ತಾಯಿಯ ಪಡಿಯಚ್ಚಿನಂಥ ಸಾವಿರಾರು ಕಿರುಪ್ರಭೇದಗಳು ಹುಟ್ಟಿಕೊಂಡಿವೆ. ಅವುಗಳನ್ನು ಬಿಡಿಸಲು ಜೀವಮಾನವನ್ನೇ ಅದಕ್ಕೆ ಮುಡಿಪಿಟ್ಟವರೇ ಬೇಕು. ಇಂಥ ಕಡೆ ಕುಲದ ಹೆಸರನ್ನಷ್ಟೇ ಬರೆದು ನಿಲ್ಲಿಸುವುದು ಪ್ರಾಮಾಣಿಕ ಉತ್ತರ.

ಈಗ ನನ್ನ ಕೋರಿಕೆ. 1778ರಲ್ಲಿ ಫ್ರಾನ್ಸಿನ ನಿಸರ್ಗವಿಜ್ಞಾನಿ ಲಮಾರ್ಕ್ ಗಿಡಗಳನ್ನು ಗುರುತಿಸಲು ಒಂದು ಸರಳ ಉಪಾಯವನ್ನು ಬಳಕೆಗೆ ತಂದರು: ಎರಡೇ ಉತ್ತರವಿರುವ ಪ್ರಶ್ನೆಗಳ ಸರಪಳಿ. ರೋಮ ಇದೆಯೋ ಇಲ್ಲವೋ? ಅಂಚು ಕೂಡಿದೆಯೋ ಬಿಡಿಯೋ? ಇಂದಿಗೂ ಸಸ್ಯಶಾಸ್ತ್ರಜ್ಞರು ನಡೆಯುವುದು ಆ ದಾರಿಯಲ್ಲೇ. ಎದುರಿನಿಂದ ತೆಗೆದ ಒಂದು ಚಿತ್ರ ಆ ಪ್ರಶ್ನೆಗಳಲ್ಲಿ ಬಹುಪಾಲಿಗೆ ಉತ್ತರ ಹೇಳಲಾರದು. ಮೊಬೈಲ್‌ನ ಗುರುತಿಸುವ ಆ್ಯಪ್ ಕೂಡ ಅಂಥ ಚಿತ್ರಕ್ಕೆ ಹೆಸರು ಹೇಳುವಾಗ ಊಹೆಯನ್ನೇ ಮಾಡುತ್ತಿರುತ್ತದೆ. ಆದ್ದರಿಂದ ಓದುಗರು ಚಿತ್ರ ಕಳುಹಿಸುವಾಗ ಪ್ರತಿ ಗಿಡಕ್ಕೂ ಮೂರು ಚಿತ್ರಗಳನ್ನು ಕೇಳಿ. ಹೂವಿನ ಮುಖ ಒಂದು, ಹೂವಿನ ಬೆನ್ನು ಒಂದು, ಎಲೆ ಕಾಂಡಕ್ಕೆ ಸೇರುವ ಜಾಗ ಒಂದು. ಕಾಯಿ ಇದ್ದರೆ ಅದನ್ನೂ ಸೇರಿಸಲಿ. ಅಚ್ಚು ಮಾಡುವುದು ಒಂದೇ ಆದರೂ ಹೆಸರು ಬರೆಯುವವರ ಮುಂದೆ ಮೂರೂ ಇರಲಿ. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಇಟ್ಟರೆ ಸಾಕು. ಇದಕ್ಕಾಗಿ ಯಾರೂ ಹೂ ಕೀಳಬೇಕಾಗಿಲ್ಲ. ಅಂಗೈಯಗಲದ ಕನ್ನಡಿಯೊಂದನ್ನು ಹೂವಿನ ಕೆಳಗೆ ಹಿಡಿದರೆ ಅದರ ಬೆನ್ನು ಪೂರ್ತಿಯಾಗಿ ಕನ್ನಡಿಯಲ್ಲಿ ಕಾಣುತ್ತದೆ, ಚಿತ್ರವನ್ನೂ ಅದರಲ್ಲೇ ತೆಗೆಯಬಹುದು. ನೆಲಮಟ್ಟದ ಗಿಡಗಳಿಗೆ ನಾನು ಬಳಸುವುದು ಇದನ್ನೇ.

ಇನ್ನೊಂದು ಮಾತು. ಒಣಗಿಡಗಳ ಸಂಗ್ರಹಾಲಯದಲ್ಲಿ ಹಾಳೆಯ ಮೇಲಿನ ಹೆಸರು ತಪ್ಪೆಂದು ತಿಳಿದಾಗ ಹಳೆಯ ಚೀಟಿಯನ್ನು ಕೀಳುವುದಿಲ್ಲ, ಮಸಿ ಬಳಿಯುವುದೂ ಇಲ್ಲ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ ಸರಿಯಾದ ಹೆಸರು, ತಿದ್ದಿದವರ ಹೆಸರು, ಇಸವಿ ಬರೆಯುತ್ತಾರೆ. ಒಂದೇ ಗಿಡದ ಹಾಳೆಯ ಮೇಲೆ ನಾಲ್ಕು ಚೀಟಿಗಳನ್ನು ನಾನು ಕಂಡಿದ್ದೇನೆ. ಮೊದಲು ತಪ್ಪಿದವರ ಹೆಸರೂ ಅಲ್ಲೇ ಗೌರವದಿಂದ ಉಳಿದಿರುತ್ತದೆ. ನಿಮ್ಮ ಪುಟದಲ್ಲೂ ಹಾಗೆಯೇ ಹಿಂದಿನ ವಾರದ ಹೆಸರುಗಳಿಗೆ ಬಂದ ತಿದ್ದುಪಡಿಗಳಿಗೆ ಒಂದು ಮೂಲೆ ಇರಲಿ. ಆ ಚಿತ್ರ ಕಳುಹಿಸಿದ ಓದುಗರಿಗೆ ಬೇಸರವಾಗದಿರಲಿ. ಅವರು ಕಂಡದ್ದು ನಿಜವಾದ ಹೂವನ್ನೇ. ಸಾಧ್ಯವಾದರೆ ಅವರು ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ ಒಂದು ಕುಚ್ಚಿನ ಬೆನ್ನನ್ನೂ ಒಂದು ಎಲೆಯ ಬುಡವನ್ನೂ ಚಿತ್ರ ತೆಗೆದು ಕಳುಹಿಸಲಿ. ನನ್ನ ಊಹೆ ತಪ್ಪಾಗಿದ್ದರೆ ಹೊಸ ಚೀಟಿ ಅದರ ಮೇಲೂ ಬೀಳಲಿ.

ಈ ಪತ್ರದ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಎರಡೂ ಅಜೆರೇಟಮ್‌ಗಳ ಕುಚ್ಚಿನ ಬೆನ್ನನ್ನು ಹತ್ತು ಪಟ್ಟು ಹಿಗ್ಗಿಸಿ, ಅಕ್ಕಪಕ್ಕ, ಕಪ್ಪು ಶಾಯಿಯಲ್ಲಿ ಬರೆದಿದ್ದೇನೆ. ಸಂಭಾವನೆ ಬೇಡ. ಅಚ್ಚು ಮಾಡುವಾಗ ತೀರಾ ಚಿಕ್ಕದು ಮಾಡಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಬಲಗಡೆಯ ಚಿತ್ರದಲ್ಲಿ ರೋಮದ ತುದಿಯ ಗುಂಡುಗಳು ಮಾಯವಾಗುತ್ತವೆ.

ಇಂತಿ ನಿಮ್ಮ ಓದುಗಳು,
ಒಬ್ಬ ಸಸ್ಯಚಿತ್ರ ಕಲಾವಿದೆ